ಡಾವಿಂಚಿ ರಿಸಾಲ್ವ್ ಉಚಿತ ಆವೃತ್ತಿ: ಬಣ್ಣಕ್ಕೆ ಅಂತ ಹಾಕಿಕೊಂಡೆ, ಈಗ ಬಳಸೋದೆಲ್ಲ ಸೌಂಡಿಗೆ

ಡಾವಿಂಚಿ ರಿಸಾಲ್ವ್ ಅನ್ನುವ ವಿಡಿಯೋ ಎಡಿಟಿಂಗ್ ಸಾಫ್ಟ್‌ವೇರ್ ಬಗ್ಗೆ ಬರೆಯುವವರೆಲ್ಲ ಅದರ ಕಲರ್ ಪೇಜ್ ಬಗ್ಗೆಯೇ ಬರೆಯುತ್ತಾರೆ. ನೋಡ್ ಅಂತೆ, ಲಟ್ (ಸಿದ್ಧ ಬಣ್ಣದ ಅಚ್ಚು) ಅಂತೆ, ಸ್ಕಿನ್ ಟೋನ್ ಅಂತೆ. ತಪ್ಪೇನಿಲ್ಲ, ಅದು ಹೆಸರು ಮಾಡಿದ್ದೇ ಬಣ್ಣ ತಿದ್ದುವ ಕಲರ್ ಗ್ರೇಡಿಂಗ್‌ನಲ್ಲಿ. ಆದರೆ ನನ್ನ ಲಾರಿಗೆ ಚರ್ಮ ಇಲ್ಲವಲ್ಲ! ನಾನು ಯೂರೋ ಟ್ರಕ್ ಸಿಮ್ಯುಲೇಟರ್ 2 ಗೇಮಿನಿಂದ ಸಿನಿಮಾ ಥರದ ಸಣ್ಣ ವಿಡಿಯೋ ಮಾಡುವವನು. ಮಳೆ, ಹೆದ್ದಾರಿ, ರಾತ್ರಿ, ಒಂದು ಲಾರಿ. ಕಥೆ ಅಂತ ಹೇಳಿಕೊಳ್ಳುವಂಥದ್ದು ಏನೂ ಇಲ್ಲ, ಎರಡು ಮೂರು ನಿಮಿಷದಲ್ಲಿ ಮುಗಿಯುತ್ತದೆ. ಬಹಳ ಕಾಲದಿಂದ ಇದೇ ಸಾಫ್ಟ್‌ವೇರ್‌ನ ಉಚಿತ ಆವೃತ್ತಿಯಲ್ಲೇ ಎಲ್ಲ ಮಾಡುತ್ತಿದ್ದೇನೆ. ಪರದೆಯ ಕೆಳಗಿನ ಸಾಲಿನಲ್ಲಿ ಕಲರ್ ಪಕ್ಕದಲ್ಲೇ ಫೇರ್‌ಲೈಟ್ ಅಂತ ಸೌಂಡಿನ ಇನ್ನೊಂದು ಪೇಜ್ ಇದೆ. ಈ ವಿಮರ್ಶೆ ಬರೆಯುತ್ತಿರುವುದೇ ಅದಕ್ಕಾಗಿ. ಫೀಚರ್ ಪಟ್ಟಿ ಬೇಕಾದವರಿಗೆ ಎಲ್ಲ ಕಡೆ ಸಿಗುತ್ತದೆ, ನಾನು ಬರೆಯಲ್ಲ.

ಮೊದಲು ಶೂಟಿಂಗ್ ವಿಷಯ. ಈ ಗೇಮ್ ಬಂದಿದ್ದು 2012ರಲ್ಲಿ, ಮಾಡಿದವರು ಪ್ರಾಗ್‌ನ ಎಸ್‌ಸಿಎಸ್ ಸಾಫ್ಟ್‌ವೇರ್. ಹಳೇ ಗೇಮ್ ಆದ್ದರಿಂದ ನನ್ನಂಥವರ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಡಾಕ್ಯುಮೆಂಟ್ಸ್ ಫೋಲ್ಡರಿನೊಳಗಿನ ಕಾನ್ಫಿಗ್ ಫೈಲ್‌ನಲ್ಲಿ ಡೆವಲಪರ್ ಮತ್ತು ಕನ್ಸೋಲ್ (ಆಟಕ್ಕೆ ಆದೇಶ ಬರೆಯುವ ಕಿಟಕಿ) ಎರಡನ್ನೂ 0 ಇಂದ 1 ಮಾಡಿದರೆ ಸಾಕು. ಆಮೇಲೆ ಆಟದಲ್ಲಿ 0 ಒತ್ತಿದರೆ ಕ್ಯಾಮೆರಾ ಲಾರಿಯಿಂದ ಬಿಡಿಸಿಕೊಂಡು ಹಾರುತ್ತದೆ. ಕನ್ಸೋಲ್‌ನಲ್ಲಿ ಒಂದು ಸಾಲು ಬರೆದರೆ ಸಂಜೆ ಆರು ಗಂಟೆ, ಇನ್ನೊಂದು ಸಾಲು ಬರೆದರೆ ಮಳೆ. ನಿಜವಾದ ಸಿನಿಮಾದವರು ಇಷ್ಟಕ್ಕೇ ಎಷ್ಟು ದುಡ್ಡು ಸುರಿಯುತ್ತಾರೋ!

ತೊಂದರೆ ಏನೆಂದರೆ ಈ ಆಟದಲ್ಲಿ ರೀಪ್ಲೇ ಇಲ್ಲ. ಕ್ಯಾಮೆರಾ ಹಾರುತ್ತಿರುವಾಗಲೂ ಲಾರಿ ಓಡುತ್ತಲೇ ಇರಬೇಕು, ಅದನ್ನು ಯಾರಾದರೂ ಓಡಿಸಬೇಕು. ಕ್ರೂಸ್ ಕಂಟ್ರೋಲ್ ಹಾಕಿ ಬಿಡೋಣ ಎಂದರೆ ತಿರುವು ಬಂದೇ ಬರುತ್ತದೆ. ಆಟದ ನಕ್ಷೆ 1:19 ಅಳತೆಯದು, ನೇರ ರಸ್ತೆ ಅನ್ನುವುದು ಬೇಗ ಮುಗಿದುಹೋಗುತ್ತದೆ. ನಮ್ಮನೆಯಲ್ಲಿ ಇದಕ್ಕೆ ಕಂಡುಕೊಂಡ ದಾರಿ ಅಕ್ಕನ ಮಗ. ನಾವಿರುವುದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ, ಅಕ್ಕನ ಮನೆ ಎರಡೇ ಬಿಲ್ಡಿಂಗ್ ಆಚೆ. ಶನಿವಾರ ಊಟ ಆದಮೇಲೆ ಬರುತ್ತಾನೆ. ಅವನು ಎಡಗಡೆ ಕೂತು ಸ್ಟೀರಿಂಗ್ ಕೀಲಿ ಹಿಡಿಯುತ್ತಾನೆ, ನಾನು ಬಲಗಡೆ ನಂಬರ್ ಪ್ಯಾಡ್ ಮತ್ತು ಮೌಸ್‌ನಲ್ಲಿ ಕ್ಯಾಮೆರಾ ನಡೆಸುತ್ತೇನೆ. ಕ್ಯಾಮೆರಾ ಲಾರಿಯ ಹಿಂದೆ ಹೋದಾಗ ಅವನಿಗೆ ಮುಂದಿನ ರಸ್ತೆಯೇ ಕಾಣಲ್ಲ. "ಮಾಮಾ, ಬೇಗ ಮುಂದೆ ಬಾ, ಏನೂ ಕಾಣ್ತಿಲ್ಲ" ಅಂತ ಕೂಗುತ್ತಾನೆ. "ಸ್ವಲ್ಪ ಇರೋ, ಚಕ್ರದ ಹತ್ತಿರ ನೀರು ಹಾರ್ತಿದೆ" ಅಂತ ನಾನು. ಅಷ್ಟರಲ್ಲಿ ಲಾರಿ ಬೇಲಿಗೆ. ಮತ್ತೆ ಮೊದಲಿಂದ.

ರೆಕಾರ್ಡಿಂಗ್‌ಗೆ ಪರದೆ ರೆಕಾರ್ಡ್ ಮಾಡುವ ಓಬಿಎಸ್ ಅನ್ನುವ ಸಾಫ್ಟ್‌ವೇರ್, ಅದೂ ಉಚಿತ. ಅದರಲ್ಲಿ 6 ಆಡಿಯೋ ಟ್ರ್ಯಾಕ್ ಬೇರೆ ಬೇರೆ ಇಡಬಹುದು. ಗೇಮಿನ ಸದ್ದು ಒಂದರಲ್ಲಿ, ಮೈಕ್ ಇನ್ನೊಂದರಲ್ಲಿ ಹೋಗುವ ಹಾಗೆ ಶುರುವಿನಲ್ಲೇ ಮಾಡಿಕೊಳ್ಳಿ. ಇಲ್ಲದಿದ್ದರೆ "ಮಾಮಾ" ಅನ್ನುವ ಕೂಗು ಜರ್ಮನಿಯ ಹೆದ್ದಾರಿಯ ಮೇಲೆ ಶಾಶ್ವತವಾಗಿ ಉಳಿಯುತ್ತದೆ. ಗೇಮಿನ ಸೆಟ್ಟಿಂಗ್ಸ್‌ನಲ್ಲಿ ಸಂಗೀತ ಮತ್ತು ದಾರಿ ಹೇಳುವ ಹೆಂಗಸಿನ ದನಿ ಎರಡನ್ನೂ ಸೊನ್ನೆಗೆ ಇಳಿಸಿ. ಫೈಲ್ ಎಂಕೆವಿ ಆಗಿರಲಿ. ನಡುವೆ ಏನಾದರೂ ಕೈಕೊಟ್ಟರೆ ಅಲ್ಲಿಯವರೆಗಿನದು ಉಳಿಯುತ್ತದೆ, ಆಮೇಲೆ ಓಬಿಎಸ್‌ನಲ್ಲೇ ಎಂಪಿ4ಗೆ ಬದಲಿಸಿಕೊಳ್ಳಬಹುದು. ಲ್ಯಾಮಿಂಗ್ಟನ್ ರೋಡಿನ ಒಂದು ಅಂಗಡಿಯಲ್ಲಿ ಕೊಂಡ ಎಕ್ಸ್‌ಟರ್ನಲ್ ಡಿಸ್ಕ್ ನನ್ನನ್ನು ಈ ಸಲಹೆ ಕೊಡುವ ಮಟ್ಟಕ್ಕೆ ತಂದಿದೆ. ರೆಕಾರ್ಡ್ ಆಗುತ್ತಿರುವಾಗಲೇ ಸುಮ್ನೆ ಮಾಯವಾಗುತ್ತಿತ್ತು. ಅಂಗಡಿ ಹೆಸರು ಬೇಡ, ಡಿಸ್ಕ್ ಹೆಸರೂ ಬೇಡ.

ರಿಸಾಲ್ವ್‌ಗೆ ಬಂದರೆ, ಪ್ರಾಜೆಕ್ಟ್ ತೆರೆದ ತಕ್ಷಣ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವುದು) 24 ಮಾಡಿಕೊಳ್ಳಿ. ಕ್ಲಿಪ್ ಒಳಗೆ ಬಂದಮೇಲೆ ಆ ಪ್ರಾಜೆಕ್ಟಿನ ರೇಟ್ ಬದಲಿಸಲು ಬಿಡುವುದಿಲ್ಲ. ರೆಕಾರ್ಡ್ ಮಾತ್ರ 60ರಲ್ಲಿ ಮಾಡಿ. 60ರ ಕ್ಲಿಪ್ಪನ್ನು 24ರ ಟೈಮ್‌ಲೈನ್‌ನಲ್ಲಿ ಶೇಕಡಾ 40 ವೇಗಕ್ಕೆ ಇಳಿಸಿದರೆ ಎಲ್ಲ ಫ್ರೇಮೂ ನಿಜವಾದದ್ದೇ, ಒಂದೂ ಕಲ್ಪಿಸಿದ್ದಲ್ಲ. ಮಳೆಹನಿಗೆ, ಚಕ್ರದಿಂದ ಹಾರುವ ನೀರಿಗೆ ಇದು ಬಹಳ ಚಂದ ಕಾಣುತ್ತದೆ.

ಸರಿ, ಫೇರ್‌ಲೈಟ್. ಇದು ಮೊದಲಿಂದ ರಿಸಾಲ್ವ್‌ನದಲ್ಲ. ಸಿಡ್ನಿಯ ಫೇರ್‌ಲೈಟ್ ಕಂಪನಿ 1979ರಲ್ಲೇ ಕಂಪ್ಯೂಟರ್ ಸಿಂಥಸೈಜರ್ ಮಾಡಿ ಹೆಸರಾಗಿತ್ತು. 2016ರಲ್ಲಿ ರಿಸಾಲ್ವ್ ಮಾಡುವ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್‌ನವರು ಅದನ್ನು ಕೊಂಡು, ಮರುವರ್ಷ ರಿಸಾಲ್ವ್ 14ರೊಳಗೆ ಸೇರಿಸಿದರು. ಅಂದರೆ ಸೌಂಡ್ ಸ್ಟುಡಿಯೋದವರಿಗಾಗಿ ಮಾಡಿದ ಸಾಮಾನು ಈಗ ನನ್ನಂಥವನಿಗೂ ಪುಕ್ಕಟೆ ಸಿಗುತ್ತಿದೆ.

ನಾನು ಇಲ್ಲಿ ಮಾಡುವುದು ಸಣ್ಣ ಕೆಲಸ. ಮಳೆಯ ಒಂದು ರೆಕಾರ್ಡಿಂಗ್ ತೆಗೆದುಕೊಳ್ಳುತ್ತೇನೆ. ಕ್ಯಾಮೆರಾ ಲಾರಿಯ ಹೊರಗಿದ್ದರೆ ಅದನ್ನು ಹಾಗೇ ಬಿಡುತ್ತೇನೆ. ಕ್ಯಾಬಿನ್ ಒಳಗೆ ಕಟ್ ಆದ ಕೂಡಲೇ ಅದೇ ಮಳೆಯ ಮೇಲಿನ ಸ್ವರಗಳನ್ನು ಈಕ್ಯೂನಲ್ಲಿ (ಸ್ವರಗಳನ್ನು ಹೆಚ್ಚು ಕಡಿಮೆ ಮಾಡುವ ಸಾಧನ) ಕತ್ತರಿಸುತ್ತೇನೆ, ವಾಲ್ಯೂಮ್ ಸ್ವಲ್ಪ ಇಳಿಸುತ್ತೇನೆ. ಅಷ್ಟೇ. ಗಾಜು ಏರಿಸಿದ ಹಾಗೆ ಕೇಳುತ್ತದೆ. ಸುರಂಗಕ್ಕೆ ಒಂದು ಚಿಟಿಕೆ ರಿವರ್ಬ್, ಅಂದರೆ ಮಾರ್ದನಿ. ಇನ್ನೊಂದು, ದೃಶ್ಯ ಬರುವ ಮುಂಚೆ ಅದರ ಸದ್ದು ಬರಬೇಕು. ಪರದೆಯ ಮೇಲೆ ಇನ್ನೂ ಖಾಲಿ ಪಾರ್ಕಿಂಗ್ ಇರುವಾಗಲೇ ಎಂಜಿನ್ ದೂರದಿಂದ ಕೇಳಲಿ. ಆಡಿಯೋವನ್ನು ವಿಡಿಯೋದಿಂದ ಬಿಡಿಸಿ, ಎಡಕ್ಕೆ ಎಳೆದರೆ ಮುಗಿಯಿತು. ನೋಡುವವರು ಕಾಯುತ್ತಾರೆ.

ರಿಸಾಲ್ವ್‌ನವರು ಉಚಿತ ಸೌಂಡ್ ಲೈಬ್ರರಿಯನ್ನೂ ಕೊಡುತ್ತಾರೆ, ಕೆಲಸಕ್ಕೆ ಬರುತ್ತದೆ. ನನಗೆ ಮಾತ್ರ ಊರಿನ ಸದ್ದು ಇಷ್ಟ. ಜೂನ್ ಬಂದರೆ ಡೊಂಬಿವಲಿಯಲ್ಲಿ ಮಳೆಗೇನು ಬರ? ನಮ್ಮ ಸೊಸೈಟಿ ಟೆರೇಸಿನ ತಗಡಿನ ಪತ್ರಾ ಮೇಲೆ ಬೀಳುವ ಮಳೆ, ಕಿಟಕಿಯ ಸಜ್ಜಾದಿಂದ ತೊಟ್ಟಿಕ್ಕುವ ನೀರು, ಥಾಣೆಯಿಂದ ವಾಪಸ್ ಬರುವಾಗ ಸ್ಲೋ ಲೋಕಲ್ ರೈಲಿನ ಫ್ಯಾನ್, ಎಲ್ಲ ಫೋನಿನಲ್ಲಿ ಸಿಕ್ಕಿಸಿಕೊಂಡಿದ್ದೇನೆ. ಆ ಫ್ಯಾನಿನ ಸದ್ದನ್ನು ನಿಧಾನ ಮಾಡಿದರೆ ಲಾರಿಯ ಹೀಟರ್ ಆಗುತ್ತದೆ. ಯಾರಿಗೂ ಗೊತ್ತಾಗಿಲ್ಲ ಇದುವರೆಗೆ. ಗಣಪತಿ ಹಬ್ಬದ ಹತ್ತು ದಿನ ಮಾತ್ರ ಏನೂ ಮಾಡಕ್ಕಾಗಲ್ಲ, ಎಲ್ಲದರ ಹಿಂದೆ ಢೋಲ್.

ಏರ್ ಬ್ರೇಕಿನ ಸದ್ದು ಬೇಕಿತ್ತು. ಗೇಮಿನದು ಚೆನ್ನಾಗಿಯೇ ಇದೆ, ಆದರೆ ನನಗೆ ಹಳೇ ಗಾಡಿಯದು ಬೇಕು. ಶಿಳ್‌ಫಾಟಾ ಹತ್ತಿರ ಚಹಾದ ಅಂಗಡಿ ಮುಂದೆ ಕಂಟೇನರ್ ಗಾಡಿಗಳು ನಿಲ್ಲುತ್ತವೆ. ಒಂದರ ಪಕ್ಕ ಫೋನ್ ಹಿಡಿದು ನಿಂತೆ. ಕೆಎ ನಂಬರ್. ಡ್ರೈವರ್ ಇಣುಕಿ ನೋಡಿ ಮೊದಲು ಹಿಂದಿಯಲ್ಲಿ ಗದರಿದರು. ನಾನು ಕನ್ನಡದಲ್ಲಿ ಹೇಳಿದೆ, "ಬ್ರೇಕಿನ ಸೌಂಡ್ ರೆಕಾರ್ಡ್ ಮಾಡ್ಕೊಳ್ಳೋಣ ಅಂತ ಅಣ್ಣಾ." ಹುಬ್ಬಳ್ಳಿಯವರಂತೆ. "ಹೊರಗ ನಿಂತ್ರ ಏನ್ ಕೇಳಸ್ತೈತ್ರಿ, ಮ್ಯಾಲ ಬರ್ರಿ" ಎಂದು ಹತ್ತಿಸಿಕೊಂಡರು. ಬ್ರೇಕ್, ವೈಪರ್, ಬಾಗಿಲು, ಗೇರ್, ಕೇಳದೇ ಇದ್ದ ಹಾರ್ನ್, ಎಲ್ಲ ಮಾಡಿ ತೋರಿಸಿದರು. ನಾನು ಮಾಡಿದ್ದ ಒಂದು ವಿಡಿಯೋ ತೋರಿಸಿದೆ. ಪೂರ್ತಿ ನೋಡಿದರು. ಆಮೇಲೆ ಕೇಳಿದರು: "ಗಾಡಿ ಚಲೋ ಐತ್ರಿ. ಕ್ಲೀನರ್ ಎಲ್ಲದಾನ?"

ಯೂರೋಪಿನ ಲಾರಿಯಲ್ಲಿ ಕ್ಲೀನರ್ ಇರಲ್ಲ ಅಂತ ವಿವರಿಸಲು ಹೋಗಲಿಲ್ಲ. ಆದರೆ ಆ ಮಾತು ಕೇಳಿದ ಮೇಲೆ ನನ್ನ ಎಲ್ಲ ವಿಡಿಯೋದಲ್ಲೂ ಕ್ಯಾಬಿನ್ ಖಾಲಿ ಖಾಲಿ ಅನಿಸತೊಡಗಿತು. ಈಗ ಕ್ಯಾಬಿನ್ ದೃಶ್ಯಗಳಲ್ಲಿ ಪಕ್ಕದ ಸೀಟಿನಿಂದ ಸಣ್ಣದಾಗಿ ಯಾರೋ ಕೆಮ್ಮುತ್ತಾರೆ, ಸ್ಟೀಲ್ ಡಬ್ಬಿ ಮುಚ್ಚುತ್ತಾರೆ. ಫೇರ್‌ಲೈಟ್‌ನಲ್ಲಿ ಸದ್ದನ್ನು ಎಡ ಬಲಕ್ಕೆ ಸರಿಸುವ ಪ್ಯಾನ್ ಅನ್ನು ಒಂದು ಬದಿಗೆ ತಿರುಗಿಸಿದರೆ ಅವನು ಅಲ್ಲಿ ಕೂತ. ಚಿತ್ರದಲ್ಲಿ ಇಲ್ಲದವನನ್ನು ಹೀಗೆ ಕೂರಿಸಬಹುದು ಅನ್ನುವುದೇ ನನಗೆ ಈ ಸಾಫ್ಟ್‌ವೇರ್ ಕೊಟ್ಟ ದೊಡ್ಡ ಖುಷಿ.

ಇನ್ನು ಗೊಣಗಾಟ. ರಿಸಾಲ್ವ್‌ಗೆ ಹೊಟ್ಟೆ ದೊಡ್ಡದು. 16 ಜಿಬಿ ರ‍್ಯಾಮ್ ಬೇಕು, ಎಫೆಕ್ಟ್ ಮಾಡುವ ಫ್ಯೂಷನ್ ಪೇಜಿಗೆ ಹೋದರೆ 32. ನನ್ನ ಲ್ಯಾಪ್‌ಟಾಪ್ ಯಾವ ಕಂಪನಿಯದು ಅಂತ ಹೇಳಲ್ಲ, ಮೇ ತಿಂಗಳಲ್ಲಿ ಅದರ ಮೇಲೆ ದೋಸೆ ಹುಯ್ಯಬಹುದು. ಪ್ರಾಕ್ಸಿ, ಅಂದರೆ ಕ್ಲಿಪ್ಪುಗಳ ಹಗುರ ನಕಲು ಮಾಡಿಕೊಂಡೇ ಎಡಿಟ್ ಮಾಡುತ್ತೇನೆ. ಜಾಗವೂ ಬೇಕು. 40 ಎಂಬಿಪಿಎಸ್‌ನಲ್ಲಿ ಒಂದು ಗಂಟೆ ರೆಕಾರ್ಡ್ ಮಾಡಿದರೆ ಸುಮಾರು 18 ಜಿಬಿ. ಅದರಲ್ಲಿ ಕೊನೆಗೆ ಬಳಸುವುದು ಎರಡು ನಿಮಿಷ.

ಉಚಿತ ಆವೃತ್ತಿಯಲ್ಲಿ ಫಿಲ್ಮ್ ಗ್ರೇನ್ (ಹಳೇ ಸಿನಿಮಾ ರೀಲಿನ ಕಾಳು ಕಾಳು ನೋಟ) ಹಾಕಿದರೆ ಚಿತ್ರದ ಮೇಲೆ ವಾಟರ್‌ಮಾರ್ಕ್ ಬರುತ್ತದೆ. ಗ್ರೇನ್ ಇರುವುದು ದುಡ್ಡು ಕೊಟ್ಟು ಕೊಳ್ಳುವ ಸ್ಟುಡಿಯೋ ಆವೃತ್ತಿಯವರಿಗೆ. ಗ್ರೇನ್‌ನ ಉಚಿತ ಕ್ಲಿಪ್ ಒಂದನ್ನು ಮೇಲೆ ಹಾಸಿ ಓವರ್‌ಲೇ ಮಾಡಿದರೆ ಕೆಲಸ ನಡೆಯುತ್ತದೆ. ಟೆಂಪೋರಲ್ ನಾಯ್ಸ್ ರಿಡಕ್ಷನ್ (ಚಿತ್ರದಲ್ಲಿ ಮಿನುಗುವ ಚುಕ್ಕೆ ಕಳೆಯುವುದು) ಕೂಡ ಇಲ್ಲ, ಗೇಮ್ ಚಿತ್ರಕ್ಕೆ ಅದರ ಅಗತ್ಯವೂ ಇಲ್ಲ ಬಿಡಿ. ರೆಸಲ್ಯೂಷನ್ ಮಿತಿ 4ಕೆ, 60 ಫ್ರೇಮ್. ನನಗೆ ಧಾರಾಳ ಸಾಕು.

ನಿಜವಾಗಿ ಸಿಟ್ಟು ಬರುವುದು ಸಾಫ್ಟ್‌ವೇರ್ ಮೇಲಲ್ಲ, ಇದನ್ನು ಕಲಿಸುವವರ ಮೇಲೆ. ಹೊಸಬರು ಶುರು ಮಾಡಿದ ಕೂಡಲೇ ಅವರಿಗೆ ಸಿಗುವ ಪಾಠ ಒಂದೇ: ಮೇಲೆ ಕೆಳಗೆ ಕಪ್ಪು ಪಟ್ಟಿ, ನೆರಳಿಗೆ ನೀಲಿ, ಬೆಳಕಿಗೆ ಕೇಸರಿ, ಕೆಳಗೆ ಲಟ್ ಪ್ಯಾಕ್ ಮಾರುವ ಲಿಂಕ್. ಕಪ್ಪು ಪಟ್ಟಿಗೆ ದುಡ್ಡು ಕೊಡಬೇಡಿ. ಟೈಮ್‌ಲೈನ್ ಮೆನುವಿನ ಔಟ್‌ಪುಟ್ ಬ್ಲಾಂಕಿಂಗ್‌ನಲ್ಲಿ 2.39 ಆರಿಸಿದರೆ ಬರುತ್ತದೆ. ಬಂದಮೇಲೆ ಪ್ರತಿ ಶಾಟ್ ಮತ್ತೆ ನೋಡಿ, ಲಾರಿಯ ತಲೆ ಕತ್ತರಿಸಿರುತ್ತದೆ. ಬಣ್ಣದ ವಿಷಯದಲ್ಲಿ ನಾನು ಮಾಡುವುದು ಇಷ್ಟೇ: ಕಾಂಟ್ರಾಸ್ಟ್ ಇಳಿಸಿ, ಹಸಿರನ್ನು ಸ್ವಲ್ಪ ಸಪ್ಪೆ ಮಾಡುವುದು. ಈ ಗೇಮಿನ ಹುಲ್ಲು ಕಣ್ಣಿಗೆ ಹೊಡೆಯುವಷ್ಟು ಹಸಿರು.

ಕೊನೆಯ ಕೆಲಸ ಲೌಡ್‌ನೆಸ್, ಅಂದರೆ ಸದ್ದು ಎಷ್ಟು ಜೋರು ಅನ್ನುವುದು; ಅದನ್ನು ಲಫ್ಸ್‌ನಲ್ಲಿ ಅಳೆಯುತ್ತಾರೆ. ಯೂಟ್ಯೂಬ್ ಸುಮಾರು -14 ಲಫ್ಸ್‌ಗಿಂತ ಜೋರಾಗಿರುವುದನ್ನು ತಾನೇ ತಗ್ಗಿಸುತ್ತದೆ. ಫೇರ್‌ಲೈಟ್‌ನ ಮೀಟರ್ ನೋಡಿಕೊಂಡು ಅಲ್ಲಿಗೇ ತರುತ್ತೇನೆ. ಆಮೇಲೆ ಫೋನಿಗೆ ಹಾಕಿಕೊಂಡು ಬೆಳಗ್ಗೆ ಲೋಕಲಿನಲ್ಲಿ ಇಯರ್‌ಫೋನಿನಲ್ಲಿ ಕೇಳುತ್ತೇನೆ. ಆ ಗದ್ದಲದಲ್ಲೂ ಕೆಮ್ಮು ಕೇಳಿಸಿದರೆ ಜೋರಾಯಿತು ಅಂತ ಅರ್ಥ, ರಾತ್ರಿ ಬಂದು ಇಳಿಸುತ್ತೇನೆ.

ಸ್ಟುಡಿಯೋ ಕೊಳ್ಳುತ್ತೀರಾ ಅಂತ ಕೆಲವರು ಕೇಳಿದ್ದಾರೆ. 295 ಡಾಲರ್, ಒಂದೇ ಸಲ ಕೊಟ್ಟರೆ ಆಯಿತು, ತಿಂಗಳ ಬಾಡಿಗೆ ಇಲ್ಲ. ಒಳ್ಳೆಯ ವ್ಯವಹಾರವೇ. ಕೆಲಸಕ್ಕಾಗಿ ಎಡಿಟ್ ಮಾಡುವವರು ಕಣ್ಣುಮುಚ್ಚಿ ಕೊಳ್ಳಿ. ನಾನು ಕೊಳ್ಳಲ್ಲ. ದೀಪಾವಳಿ ಬೋನಸ್ ಬಂದರೆ ಕೈಯಲ್ಲಿ ಹಿಡಿಯುವ ಸಣ್ಣ ಸೌಂಡ್ ರೆಕಾರ್ಡರ್ ತೆಗೆದುಕೊಳ್ಳಬೇಕು ಅಂತಿದ್ದೇನೆ. ಮಳೆಯಲ್ಲಿ ಹಿಡಿದು ನಿಲ್ಲುವಂಥದ್ದು, ಎಂಟು ಸಾವಿರದ ಒಳಗೆ. ಬಳಸಿದವರು ಯಾರಾದರೂ ಇದ್ದರೆ ಯಾವುದು ಅಂತ ಹೇಳಿ.