ಹಳೇ ಫೈನ್‌ವೆರ್ಕ್‌ಬೌ 300ಎಸ್ ಏರ್ ರೈಫಲ್‌ಗೆ ಯಾವ ಪೆಲೆಟ್ (ಸೀಸದ ಸಣ್ಣ ಗುಂಡು) ಹಾಕಬೇಕು?

ಉತ್ತರ ಮೊದಲೇ ಹೇಳಿಬಿಡುತ್ತೇನೆ. ನನ್ನ ರೈಫಲ್‌ಗೆ ಒಗ್ಗಿದ್ದು ಎಚ್ ಅಂಡ್ ಎನ್ ಕಂಪನಿಯ ಫಿನಾಲೆ ಮ್ಯಾಚ್, 0.53 ಗ್ರಾಂ, ತಲೆಯ ಅಳತೆ 4.50 ಮಿ.ಮೀ. ದಿನದ ಅಭ್ಯಾಸಕ್ಕೆ ಆರ್‌ಡಬ್ಲ್ಯುಎಸ್ ಮೈಸ್ಟರ್‌ಕುಗೆಲ್ನ್ ಧಾರಾಳ ಸಾಕು. ಅದೇ ಕಂಪನಿಯ ಆರ್10 ಒಳ್ಳೇ ಪೆಲೆಟ್ಟೇ. ಆದರೆ ನಾನು ಕೊಟ್ಟ ಬೆಲೆಗೆ ತಕ್ಕ ವ್ಯತ್ಯಾಸ ಕಾಗದದ ಮೇಲೆ ಕಾಣಲಿಲ್ಲ.

ರೈಫಲ್ ನಮ್ಮ ಚಿಕ್ಕಪ್ಪನದು. 1970ರ ದಶಕದ್ದು, ಜರ್ಮನಿಯ ಒಬರ್ನ್‌ಡಾರ್ಫ್‌ನಲ್ಲಿ ತಯಾರಾದದ್ದು. ಮೈಮೇಲೆ ಐದು ಮೂಲೆಯ ಚೌಕಟ್ಟಿನೊಳಗೆ ಎಫ್ ಅಕ್ಷರ ಇದೆ. ಅಂದರೆ ಶಕ್ತಿ 7.5 ಜೂಲ್ ಒಳಗೆ. ನಮ್ಮಲ್ಲಿ ಲೈಸೆನ್ಸ್ ಬೇಡದ ಏರ್ ರೈಫಲ್‌ಗೆ ಮಿತಿ 20 ಜೂಲ್, ಹಾಗಾಗಿ ಆ ತಲೆನೋವಿಲ್ಲ. ಆದರೂ ನೋಡಿದವರೆಲ್ಲ ಕೇಳುವುದು ಒಂದೇ: "ದಸರಾ ಎಕ್ಸಿಬಿಷನ್‌ನಲ್ಲಿ ಬಲೂನ್ ಹೊಡೀತಾರಲ್ಲ, ಆ ಗನ್ನಾ?" ಅಲ್ಲ ಸ್ವಾಮಿ. ಆ ಬಂದೂಕಿನ ಕೊಳವೆ ನೆಟ್ಟಗಿದ್ದರೆ ಅದೇ ಪುಣ್ಯ. ಇದು ಹತ್ತು ಮೀಟರ್ ಸ್ಪರ್ಧೆಗೆ ಅಂತಲೇ ಮಾಡಿದ್ದು. 10 ಮೀಟರ್ ಏರ್ ರೈಫಲ್ ಒಲಿಂಪಿಕ್ಸ್‌ಗೆ ಬಂದದ್ದು 1984ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಈ ಮಾಡೆಲ್ ಅದಕ್ಕಿಂತ ಹಳೆಯದು. 2008ರಲ್ಲಿ ಅಭಿನವ್ ಬಿಂದ್ರಾ ಬೀಜಿಂಗ್‌ನಲ್ಲಿ ಚಿನ್ನ ಗೆಲ್ಲುವ ಹೊತ್ತಿಗೆ ದೊಡ್ಡ ಸ್ಪರ್ಧೆಗಳಲ್ಲಿ ಇಂಥ ಸ್ಪ್ರಿಂಗ್ ರೈಫಲ್‌ಗಳ ಕಾಲ ಮುಗಿದಿತ್ತು. ಈಗ ಎಲ್ಲರದೂ ಮೊದಲೇ ಗಾಳಿ ಒತ್ತಿ ತುಂಬಿಟ್ಟ ಸಿಲಿಂಡರ್.

ಹಾಗಂತ ಇದನ್ನು ಮೂಲೆಗೆ ಒರಗಿಸಬೇಕಾಗಿಲ್ಲ. ಸ್ಪ್ರಿಂಗ್ ಬಂದೂಕು ಒದೆಯುತ್ತದೆ, ಅದು ಎಲ್ಲರಿಗೂ ಗೊತ್ತು. ಇದರಲ್ಲಿ ಇಡೀ ಬ್ಯಾರೆಲ್ಲು, ಮೆಕ್ಯಾನಿಸಮ್ಮು ಮರದ ಹಿಡಿಯ ಮೇಲೆ ಹಳಿಯಂಥ ದಾರಿಯಲ್ಲಿ ಕೆಲವು ಮಿ.ಮೀ. ಹಿಂದಕ್ಕೆ ಜಾರುತ್ತವೆ. ಭುಜಕ್ಕೆ ಏನೂ ತಟ್ಟುವುದಿಲ್ಲ. ಕಾಲೇಜಿನಲ್ಲಿ ಎನ್‌ಸಿಸಿ ಕೆಡೆಟ್ ಆಗಿ .22 ರೈಫಲ್ ಹೊಡೆದವಳು ನಾನು. ಆ ಒದೆತ ಇನ್ನೂ ನೆನಪಿದೆ. ಇದರಲ್ಲಿ ಟಕ್ ಅಂತ ಒಂದು ಸಣ್ಣ ಶಬ್ದ, ಅಷ್ಟೇ.

ನಮ್ಮದು ಮೈಸೂರಿನ ಕೆ.ಆರ್. ಮೊಹಲ್ಲಾದ ಹಳೇ ಮನೆ. ಅಗಲ ಕಮ್ಮಿ, ಉದ್ದ ಜಾಸ್ತಿ. ಬೀದಿ ಬಾಗಿಲಿನಿಂದ ಹಿತ್ತಿಲ ಬಾಗಿಲಿಗೆ ನೇರ ದಾರಿ. ಬೀದಿ ಬಾಗಿಲಿಗೆ ಚಿಲಕ ಹಾಕಿದರೆ ಹತ್ತು ಮೀಟರ್ ರೇಂಜ್ ಸಿದ್ಧ. ಹಿತ್ತಿಲ ಕಡೆ ಗೋಡೆಗೆ ಒರಗಿಸಿ ಕಬ್ಬಿಣದ ಪೆಟ್ಟಿಗೆ, ಅದರೊಳಗೆ ಇಳಿಜಾರಾಗಿ ದಪ್ಪ ತಗಡು, ಹಿಂದೆ ಹಳೇ ಬಟ್ಟೆ. ಟಾರ್ಗೆಟ್ ಮುಗಿದಾಗ ಮದುವೆ ಕಾರ್ಡಿನ ಹಿಂಬದಿಗೆ ವೃತ್ತ ಬರೆದು ಅಂಟಿಸುತ್ತೇನೆ. ಮಾಮೂಲಿ ಕಾಗದ ಹರಿದುಹೋಗುತ್ತೆ, ದಪ್ಪ ಕಾರ್ಡಿನಲ್ಲಿ ತೂತು ದುಂಡಗೆ ಬೀಳುತ್ತೆ.

ಆ ದುಂಡು ತೂತಿಗಾಗಿಯೇ ಚಪ್ಪಟೆ ತಲೆಯ ಪೆಲೆಟ್ ಬೇಕು. ಊರಿನ ಅಂಗಡಿಗಳಲ್ಲಿ ಕೇಳಿದರೆ ಹೆಚ್ಚಾಗಿ ಮುಂದಿಡುವುದು ಚೂಪು ತಲೆಯದನ್ನು. ತೋಟದಿಂದ ಮಂಗ ಓಡಿಸೋಕೆ ಕೇಳುವವರೇ ಜಾಸ್ತಿ, ಅಂಗಡಿಯವರದ್ದೇನೂ ತಪ್ಪಿಲ್ಲ. ಆದರೆ ಟಾರ್ಗೆಟ್‌ಗೆ ಅದು ಬೇಡ. ಕಾಗದ ಸೀಳುತ್ತದೆ, ಅಂಕ ಎಣಿಸೋಕಾಗಲ್ಲ. ಏರ್ ರೈಫಲ್ ಟಾರ್ಗೆಟ್‌ನಲ್ಲಿ ಹತ್ತರ ಚುಕ್ಕಿ ಬರೀ ಅರ್ಧ ಮಿ.ಮೀ. ಪೆಲೆಟ್ಟೇ 4.5 ಮಿ.ಮೀ. ದಪ್ಪ. ತೂತಿನ ಅಂಚು ಚುಕ್ಕಿಗೆ ತಾಗಿದೆಯೋ ಇಲ್ಲವೋ ಅಂತ ನೋಡಬೇಕಾದರೆ ಅಂಚು ಸಾಫಾಗಿರಬೇಕು ಅಲ್ವಾ?

ಮೇಜಿನ ಮೇಲೆ ಮರಳಿನ ಚೀಲ ಇಟ್ಟು, ಅದರ ಮೇಲೆ ರೈಫಲ್ ಒರಗಿಸಿ ಐದೈದು ಹೊಡೆದು ನೋಡಿದೆ. ಕೈಯಲ್ಲಿ ಹಿಡಿದು ಪೆಲೆಟ್ ಪರೀಕ್ಷೆ ಮಾಡುವುದು ಸುಮ್ನೆ ಸೀಸ ದಂಡ. ಅಲ್ಲಿ ಗೊತ್ತಾಗುವುದು ನಿಮ್ಮ ಕೈ ನಡುಗುವುದು ಮಾತ್ರ.

ಫಿನಾಲೆ ಮ್ಯಾಚ್ ಐದೂ ಸೇರಿ ಒಂದೇ ತೂತು, ಕಡಲೆಕಾಳಿನಷ್ಟು. ಆರ್10 ಹೆಚ್ಚುಕಮ್ಮಿ ಅಷ್ಟೇ. ಮೈಸ್ಟರ್‌ಕುಗೆಲ್ನ್ ತೂತು ಸ್ವಲ್ಪ ಅಂಡಾಕಾರ, ಆಗೊಮ್ಮೆ ಈಗೊಮ್ಮೆ ಒಂದು ಪಕ್ಕಕ್ಕೆ ಸರಿಯುತ್ತದೆ. ಹಾಬಿ ಅನ್ನುವ 0.45 ಗ್ರಾಮಿನ ಅಗ್ಗದ ಪೆಲೆಟ್ ಚದುರಿತು. ಆದರೆ ಅದನ್ನು ತೆಗೆದುಹಾಕಬೇಡಿ, ಮಕ್ಕಳಿಗೆ ಕಲಿಸೋಕೆ ಅದಕ್ಕಿಂತ ಒಳ್ಳೇದು ಬೇರೆ ಇಲ್ಲ.

ಕಾಗದ ನೋಡುವ ಮೊದಲೇ ಹೆಬ್ಬೆರಳಿಗೆ ಅರ್ಧ ಗೊತ್ತಾಗುತ್ತದೆ. ಪಕ್ಕದ ಲಿವರ್ ಹಿಂದಕ್ಕೆ ಎಳೆದರೆ ಸಿಲಿಂಡರ್ ಹಿಂದೆ ಸರಿದು ಬ್ಯಾರೆಲ್‌ನ ಹಿಂಬದಿಯ ಬಾಯಿ ತೆರೆಯುತ್ತದೆ. ಪೆಲೆಟ್ಟನ್ನು ನೇರವಾಗಿ ಬೆರಳಲ್ಲೇ ಒತ್ತಬೇಕು. ಫಿನಾಲೆ ಒಂದು ಕ್ಷಣ ತಡೆದು, ಆಮೇಲೆ ಮೆತ್ತಗೆ ಒಳಗೆ ಕೂರುತ್ತದೆ. ಪ್ರತಿ ಸಲವೂ ಅದೇ ತಡೆ. ಹಾಬಿಯಲ್ಲಿ ಒಂದು ಬಿಗಿ, ಇನ್ನೊಂದು ತಾನೇ ಒಳಗೆ ಬಿದ್ದಹಾಗೆ. ಬೆರಳಿಗೆ ಹೀಗೆ ಏರುಪೇರು ಅನ್ನಿಸಿದರೆ ಕಾಗದದ ಮೇಲೂ ಏರುಪೇರೇ. ಪೆಲೆಟ್ ಒತ್ತುವಾಗ ಇನ್ನೊಂದು ಕೈ ಲಿವರ್ ಬಿಡಬಾರದು, ಇದು ಮಾತ್ರ ಕಡ್ಡಾಯ. ಸಿಲಿಂಡರ್ ಮುಂದಕ್ಕೆ ನುಗ್ಗದಂತೆ ಒಳಗೆ ತಡೆಹಲ್ಲು ಇದೆ, ನಿಜ. ಐವತ್ತು ವರ್ಷದ ಹಲ್ಲನ್ನು ನಂಬಿ ಹೆಬ್ಬೆರಳು ಪಣಕ್ಕಿಡುತ್ತೀರಾ?

ಫಿನಾಲೆ ಮ್ಯಾಚ್ 4.49, 4.50, 4.51 ಅಂತ ಬೇರೆಬೇರೆ ಅಳತೆಯಲ್ಲಿ ಬರುತ್ತದೆ, ಡಬ್ಬಿಯ ಮೇಲೆ ಬರೆದಿರುತ್ತದೆ. ನಿಮ್ಮ ಬ್ಯಾರೆಲ್‌ಗೆ ಯಾವುದು ಅಂತ ಹೊಡೆದೇ ನೋಡಬೇಕು. ಒಂದೊಂದೇ ಡಬ್ಬಿ ತರಿಸಿ, ಒಗ್ಗಿದ ಮೇಲೆ ಅದೇ ಲಾಟ್ ನಂಬರ್‌ನದ್ದು, ಅಂದರೆ ಒಂದೇ ಸಲ ತಯಾರಾದದ್ದು, ಒಟ್ಟಿಗೆ ತಗೊಳ್ಳಿ. ನನ್ನ ತಕರಾರು ಇರುವುದು ಇಲ್ಲೇ. ಆನ್‌ಲೈನ್ ಮಾರುವವರೊಬ್ಬರಿಗೆ ಒಂದೇ ಲಾಟ್ ಬೇಕು ಅಂತ ಬರೆದು ಕೇಳಿದ್ದೆ, ಹೂಂ ಅಂದಿದ್ದರು. ಬಂದ ಡಬ್ಬಿಗಳಲ್ಲಿ ಒಂದಕ್ಕೊಂದು ನಂಬರ್ ಹೊಂದಲಿಲ್ಲ. ಒಂದು ಡಬ್ಬಿ ಜಜ್ಜಿತ್ತು, ಒಳಗೆ ಪೆಲೆಟ್‌ಗಳ ಲಂಗ, ಅಂದರೆ ಹಿಂಬದಿಯ ತೆಳು ಅಂಚು, ಸೊಟ್ಟಗಾಗಿತ್ತು. ವಾಪಸ್ ತಗೊಳ್ಳಲಿಲ್ಲ. ಕಿಟಕಿ ಗಾಜಿನ ತುಂಡಿನ ಮೇಲೆ ಉರುಳಿಸಿ ಸೊಟ್ಟಗಿರುವುದನ್ನು ಆರಿಸಿ ತೆಗೆದೆ. ನೇರವಾಗಿರುವುದು ಬಿಲ್ಲಿನಂತೆ ಬಾಗಿದ ದಾರಿಯಲ್ಲಿ ಒಂದೇ ತರಹ ಉರುಳುತ್ತದೆ, ಸೊಟ್ಟಗಿರುವುದು ಓಲಾಡುತ್ತದೆ.

ಇನ್ನು ಆರೈಕೆ. ಇಲ್ಲಿ ಜನ ಮಾಡುವುದು ಅತಿಯಾಯಿತು. ಹೊಲಿಗೆ ಮಷೀನ್ ಎಣ್ಣೆ, ಕೀಲಿಗೆ ಹೊಡೆಯುವ ಸ್ಪ್ರೇ, ಸಿಕ್ಕಿದ್ದನ್ನೆಲ್ಲ ಗಾಳಿ ಒತ್ತುವ ಸಿಲಿಂಡರಿಗೆ ಬಿಡುತ್ತಾರೆ. ಪಿಸ್ಟನ್ ನುಗ್ಗಿದಾಗ ಒಳಗಿನ ಗಾಳಿ ಕಾದು ಆ ಎಣ್ಣೆಗೆ ಬೆಂಕಿ ಹತ್ತುತ್ತದೆ, ಡೀಸೆಲ್ ಎಂಜಿನ್‌ನಲ್ಲಿ ಆಗುವುದೂ ಇದೇ. ಢಮ್ ಅಂತ ಶಬ್ದ, ನೀಲಿ ಹೊಗೆ. ಪೆಲೆಟ್ ಎಲ್ಲಿಗೋ ಹೋಗುತ್ತದೆ, ಸ್ಪ್ರಿಂಗ್‌ಗೂ ಸೀಲ್‌ಗೂ ಪೆಟ್ಟು. 300ಎಸ್‌ನಲ್ಲಿ ಪಿಸ್ಟನ್‌ಗೆ ಇರುವುದು ಲೋಹದ ರಿಂಗ್, ಅದು ಸುಲಭಕ್ಕೆ ಸವೆಯಲ್ಲ. ಅದೇ ಕಾಲದ ಡಯಾನಾ ಕಂಪನಿಯ ಮಾಡೆಲ್‌ಗಳ ಹಳೇ ಸೀಲ್‌ಗಳು ಪುಡಿಪುಡಿಯಾಗುವುದು ಹೆಸರುವಾಸಿ, ಕೊಳ್ಳುವವರು ನೋಡಿಕೊಂಡು ಕೊಳ್ಳಿ. ನಮ್ಮದರಲ್ಲಿ ಗಮನ ಇಡಬೇಕಾದದ್ದು ಬ್ಯಾರೆಲ್‌ನ ಹಿಂಬದಿಯ ಬಾಯಿಗೆ ಕೂರುವ ಬ್ರೀಚ್ ಸೀಲ್. ಅಲ್ಲಿಗೆ ಟಿಶ್ಯೂ ಕಾಗದದ ಚೂರು ಇಟ್ಟು, ಪೆಲೆಟ್ ಹಾಕಿಯೇ ಒಮ್ಮೆ ಹೊಡೆಯಿರಿ. ಕಾಗದ ಹಾರಿದರೆ ಗಾಳಿ ಸೋರುತ್ತಿದೆ. ಖಾಲಿ ಮಾತ್ರ ಹೊಡೆಯಬೇಡಿ. ಮುಂದೆ ಪೆಲೆಟ್ ಇಲ್ಲದಿದ್ದರೆ ಪಿಸ್ಟನ್ನಿಗೆ ಗಾಳಿಯ ಮೆತ್ತೆ ಸಿಗದೆ ಲೋಹಕ್ಕೆ ಲೋಹ ಬಡಿಯುತ್ತದೆ. ಬ್ಯಾರೆಲ್ ಸಾಫು ಮಾಡುವ ಫೆಲ್ಟ್ ಉಂಡೆ ಒಂದೇ ಹಾಕಿ ಹೊಡೆದರೂ ಹೆಚ್ಚುಕಮ್ಮಿ ಅದೇ ಕಥೆ, ತೀರಾ ಹಗುರ ಅದು. ನಾನು ದಾರಕ್ಕೆ ಬಟ್ಟೆ ಕಟ್ಟಿ ಹಿಂದಿನಿಂದ ಮುಂದಕ್ಕೆ ಎಳೆಯುತ್ತೇನೆ. ಅದೂ ಗುರಿ ಕೆಟ್ಟಾಗ ಮಾತ್ರ. ಸಾಫಾದ ಬ್ಯಾರೆಲ್ ಮತ್ತೆ ಹದಕ್ಕೆ ಬರಲು ಒಂದಷ್ಟು ಪೆಲೆಟ್ ತಿನ್ನುತ್ತದೆ.

ಮಳೆಗಾಲದಲ್ಲಿ ಸ್ಪಂಜಿನ ಪೆಟ್ಟಿಗೆಯಲ್ಲಿ ಇಡಬೇಡಿ, ಸ್ಪಂಜು ತೇವ ಹಿಡಿದುಕೊಳ್ಳುತ್ತದೆ. ಹೊಡೆದಾದ ಮೇಲೆ ಕೈಯ ಬೆವರು ತಾಗಿದ ಲೋಹವನ್ನು ಎಣ್ಣೆ ಬಟ್ಟೆಯಿಂದ ಒರೆಸಿ, ಆ ಹೊಲಿಗೆ ಮಷೀನ್ ಎಣ್ಣೆ ಇಲ್ಲಿಗೆ ಸರಿಯಾಗುತ್ತದೆ. ಜಾರುವ ಹಳಿಗೆ ತೆಳುವಾಗಿ ಗ್ರೀಸ್. ಡಬ್ಬಿಯಲ್ಲಿ ಪೆಲೆಟ್‌ಗೆ ಬಿಳಿ ಪುಡಿ ಕಟ್ಟಿದ್ದರೆ ಎಸೆಯಿರಿ. ಸೀಸ ಮುಟ್ಟಿದ ಕೈಯಲ್ಲಿ ಊಟಕ್ಕೆ ಕೂರಬೇಡಿ, ಸೋಪು ಹಾಕಿ ತೊಳೆಯಿರಿ.

ಬ್ರೀಚ್ ಸೀಲ್ ತರಿಸುವಾಗ ಎರಡು ತರಿಸಿ. ವಸ್ತು ಇಷ್ಟೇ ಇಷ್ಟು, ಹೊರದೇಶದಿಂದ ಬರುವ ಸಾಗಾಟದ ಖರ್ಚೇ ಜಾಸ್ತಿ.