ವಾರದ ಸೇವೆಯೋ, ವಿಪತ್ತಿನ ಹೊತ್ತಿನ ಸೇವೆಯೋ?

ಮಾನವೀಯ ನೆರವಿನ ಸಂಸ್ಥೆಗೆ ಸ್ವಯಂಸೇವಕರಾಗಿ ಸೇರಬೇಕು ಅಂದುಕೊಂಡಿದ್ದೀರಾ? ವಾರಕ್ಕೆ ಇಷ್ಟು ಗಂಟೆ ಅಂತ ಒಪ್ಪಿಕೊಂಡು ಮಾಡುವುದು ಒಂದು ದಾರಿ. ನೆರೆ, ಭೂಕಂಪ ಆದಾಗ ಕರೆ ಬಂದ ಕೂಡಲೇ ಹೊರಡುವುದು ಇನ್ನೊಂದು.

ವಾರದ ಕೆಲಸದಲ್ಲಿ ದೊಡ್ಡ ಹೊಣೆ ಅಂದರೆ ಕೊಟ್ಟ ಮಾತು ಉಳಿಸಿಕೊಳ್ಳುವುದು. ಒಂಟಿಯಾಗಿರುವ ಅಜ್ಜಿಯೊಬ್ಬರು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ನಿಮ್ಮನ್ನೇ ಕಾಯುತ್ತಿರುತ್ತಾರೆ, ಬರಲು ಆಗದಿದ್ದರೆ ಮೊದಲೇ ತಿಳಿಸಬೇಕು, ಸುಮ್ನೆ ತಪ್ಪಿಸಿಕೊಳ್ಳಬಾರದು. ಅವರ ಕಾಯಿಲೆ, ಮನೆ ಜಗಳ ಯಾವುದನ್ನೂ ಹೊರಗೆ ಆಡಬಾರದು. ನೀವೂ ಸಂಸ್ಥೆಯಿಂದ ತರಬೇತಿ, ಓಡಾಟದ ಖರ್ಚು, ಕೆಲಸ ಏನೇನು ಅನ್ನುವ ವಿವರ, ಇಷ್ಟನ್ನು ಸಂಕೋಚವಿಲ್ಲದೆ ಕೇಳಿ.

ವಿಪತ್ತಿನ ಕೆಲಸಕ್ಕೆ ಹೋಗುವವರು ತಮ್ಮ ಹಕ್ಕುಗಳ ಬಗ್ಗೆ ಇನ್ನೂ ಜಾಸ್ತಿ ಎಚ್ಚರವಾಗಿರಬೇಕು. ಹೆಲ್ಮೆಟ್, ಬೂಟು, ವಿಮೆ, ಪಾಳಿ ಮುಗಿದ ಮೇಲೆ ವಿಶ್ರಾಂತಿ, ಕಣ್ಣಾರೆ ಕಂಡದ್ದು ರಾತ್ರಿ ನಿದ್ದೆಗೆಡಿಸಿದರೆ ಮಾತಾಡಲು ಒಬ್ಬ ನುರಿತ ವ್ಯಕ್ತಿ, ಇವಿಲ್ಲದೆ ಹೊರಡಬೇಡಿ. ಅಪಾಯ ಅನ್ನಿಸಿದರೆ 'ಇದು ನನ್ನಿಂದ ಆಗಲ್ಲ' ಅನ್ನುವುದೂ ಹಕ್ಕೇ, ಅದರಲ್ಲಿ ನಾಚಿಕೆ ಏನೂ ಇಲ್ಲ. ಆದರೆ ಸ್ಥಳದಲ್ಲಿ ತಂಡದ ಮುಖ್ಯಸ್ಥರ ಮಾತು ಮೀರುವಂತಿಲ್ಲ. ಕಂಬಳಿಗೆ ಕೈಚಾಚಿದವರ ಮುಖಕ್ಕೆ ಅವರ ಒಪ್ಪಿಗೆಯಿಲ್ಲದೆ ಮೊಬೈಲ್ ಹಿಡಿಯಲೇಬಾರದು.

ಭೇದಭಾವ ಎರಡರಲ್ಲೂ ಸಲ್ಲದು. ರೆಡ್ ಕ್ರಾಸ್ 1965ರಲ್ಲಿ ವಿಯೆನ್ನಾದಲ್ಲಿ ಒಪ್ಪಿಕೊಂಡ ಏಳು ಮೂಲ ತತ್ವಗಳಲ್ಲಿ ನಿಷ್ಪಕ್ಷಪಾತವೂ ಇದೆ, ಸ್ವಯಂಸೇವೆಯೂ ಇದೆ.

ಹೊಸಬರಾದರೆ ವಾರದ ಕೆಲಸದಿಂದಲೇ ಶುರು ಮಾಡಿ ಅಂತೀನಿ ನಾನು. ಜನರ ಜೊತೆ ಹೇಗೆ ಇರಬೇಕು ಅನ್ನುವುದು ಅಲ್ಲಿ ನಿಧಾನವಾಗಿ ರೂಢಿಯಾಗುತ್ತದೆ, ವಿಪತ್ತಿನ ತಂಡಕ್ಕೆ ಆಮೇಲೂ ಸೇರಬಹುದು ಅಲ್ವಾ?