ಮಾತಾಡುವ ಅಕ್ಷರ ಹಲಗೆ: ದನಿ ಬೇಡ, ಬಿಲ್ಲೆಗಳು ಬೇಕು

ಮಗಳಿಗೆ ನಾಲ್ಕು ತುಂಬಿದಾಗ ಈ ಹಲಗೆ ತಂದೆವು. ಈಗ ಅವಳು ಐದು ದಾಟಿದ್ದಾಳೆ. ಅಳತೆ, ಬ್ಯಾಟರಿ, ಬಣ್ಣ ಎಲ್ಲಾ ಪೆಟ್ಟಿಗೆ ಮೇಲೇ ಬರೆದಿದೆ, ಅದನ್ನು ಬಿಡೋಣ. ವ್ಯಂಜನ ಕಲಿಸೋಕೆ ಇದು ಎಷ್ಟು ಉಪಯೋಗಕ್ಕೆ ಬರುತ್ತದೆ ಅನ್ನೋದನ್ನಷ್ಟೇ ಹೇಳುತ್ತೇನೆ.

ಗುಂಡಿ ಒತ್ತಿದರೆ ಒಳಗಿನ ದನಿ ರಾಗವಾಗಿ ‘ಕಾ, ಖಾ, ಗಾ’ ಅನ್ನುತ್ತದೆ. ಕೇಳೋಕೆ ಇಂಪಾಗಿದೆ. ಆದರೆ ಅಲ್ಲಿ ಬರೆದಿರುವುದು ಕ, ಕಾ ಅಲ್ಲ. ಕನ್ನಡದಲ್ಲಿ ಹೀಗೆ ಎಳೆದರೆ ಅರ್ಥವೇ ಬದಲಾಗುತ್ತದೆ. ಬಲ ಬೇರೆ, ಬಾಲ ಬೇರೆ. ದನ ಬೇರೆ, ದಾನ ಬೇರೆ. ಮಗಳು ಅಕ್ಷರಗಳನ್ನು ಬೇಗ ಗುರುತಿಸಿದಳು. ಆದರೆ ಮ, ರ ಪಕ್ಕಪಕ್ಕ ಇಟ್ಟು ಓದು ಅಂದರೆ ‘ಮಾರಾ’ ಅನ್ನುತ್ತಿದ್ದಳು. ಅದು ತನಗೆ ಗೊತ್ತಿರುವ ಮರವೇ ಅಂತ ಹೊಳೆಯುತ್ತಲೇ ಇರಲಿಲ್ಲ. ಪಾಪ, ಹಲಗೆ ಹೇಳಿಕೊಟ್ಟ ಹಾಗೇ ಓದುತ್ತಿದ್ದಳು. ಈ ಒಂದು ತೊಂದರೆ ನನಗೆ ಎಷ್ಟು ಬೇಜಾರು ತಂದಿತು ಅಂದರೆ, ಒಂದು ಹಂತದಲ್ಲಿ ಇದನ್ನು ಯಾರಿಗಾದರೂ ಕೊಟ್ಟುಬಿಡೋಣ ಅನ್ನಿಸಿತ್ತು.

ಚಿತ್ರಗಳದ್ದು ಇನ್ನೊಂದು ಕಥೆ. ಖ ಪಕ್ಕ ಖಡ್ಗದ ಚಿತ್ರ ಇದೆ. ನಾಲ್ಕು ವರ್ಷದ ಮಗು ಅದನ್ನು ನೋಡಿ ಏನನ್ನುತ್ತದೆ? ಕತ್ತಿ. ಹಾಗಾಗಿ ಖ ಅಕ್ಷರಕ್ಕೆ ‘ಕ’ ಅಂತ ಹೆಸರಿಟ್ಟುಕೊಂಡಳು. ಣ ಪಕ್ಕ ಬಾಣ ಇದೆ. ಹೆಚ್ಚಿನ ಚಿತ್ರಗಳಲ್ಲಿ ಹೆಸರಿನ ಮೊದಲ ಸದ್ದು ಹಿಡಿಯಬೇಕು, ಇಲ್ಲಿ ಕೊನೆಯದು. ಣ, ಳ ಕನ್ನಡದ ಪದಗಳ ಮೊದಲಲ್ಲಿ ಬರುವುದಿಲ್ಲ, ಒಪ್ಪುತ್ತೇನೆ. ಆದರೆ ಮಗುವಿಗೆ ಅದು ಹೇಗೆ ಗೊತ್ತಾಗಬೇಕು? ಚಿತ್ರದ ಕೆಳಗೆ ಬಾಣ ಅಂತ ಬರೆದು ಣ ಅಕ್ಷರಕ್ಕೆ ಮಾತ್ರ ಬಣ್ಣ ಹಾಕಿದ್ದರೂ ಸಾಕಿತ್ತು.

ಕೊನೆಗೆ ಬ್ಯಾಟರಿ ತೆಗೆದಿಟ್ಟೆವು. ಆಮೇಲೆಯೇ ಈ ಹಲಗೆ ನನಗೆ ಇಷ್ಟವಾಗಿದ್ದು.

ಜೊತೆಗೆ ಬರುವ ಮರದ ಬಿಲ್ಲೆಗಳು ನಿಜಕ್ಕೂ ಚೆನ್ನಾಗಿವೆ. ಬೆರಳು ಆಡಿಸೋಕೆ ಅಕ್ಷರವನ್ನು ಕೊರೆದಿದ್ದಾರೆ. ಪ, ಫ, ಷ ನೋಡೋಕೆ ಅಣ್ಣತಮ್ಮಂದಿರ ಹಾಗಿವೆ ಅಲ್ವಾ? ಕಣ್ಣಲ್ಲಿ ನೋಡಿದಾಗ ಗೊಂದಲ ಆಗುತ್ತಿತ್ತು. ಬೆರಳು ಆಡಿಸಿದಾಗ ಷ ಒಳಗಿನ ಗೆರೆ, ಫ ಕೆಳಗಿನ ಸೀಳು ಅವಳಿಗೆ ತಾನಾಗೇ ಸಿಕ್ಕಿತು.

ರಾತ್ರಿ ಮಲಗುವ ಮುಂಚೆ ಮೂರೇ ಬಿಲ್ಲೆ ಹೊರಗೆ ಬರುತ್ತವೆ. ಯಾವುದು ಅಂತ ಅವಳೇ ಆರಿಸಬೇಕು. ಬೆರಳಲ್ಲಿ ತೀಡುತ್ತಾ ಸದ್ದು ಹೇಳಬೇಕು. ಮ, ನ, ಸ, ರ, ಲ ಇದ್ದರೆ ಸುಲಭ. ‘ಮ್ಮ್ಮ್’ ಅಂತ ಉಸಿರು ಇರುವಷ್ಟು ಹೊತ್ತು ಹಿಡಿದು, ಕೊನೆಗೆ ಚಿಕ್ಕದಾಗಿ ‘ಮ’ ಅಂತ ಬಿಡುವುದು. ಎಳೆಯಬೇಕಾದ್ದು ವ್ಯಂಜನವನ್ನು, ಅದರ ಜೊತೆಗಿರುವ ಅಕಾರವನ್ನಲ್ಲ. ಇದೊಂದರಿಂದಲೇ ‘ಮಾರಾ’ ನಿಧಾನವಾಗಿ ‘ಮರ’ ಆಯಿತು. ಕ, ಟ, ಪ ಹಾಗೆ ಎಳೆಯೋಕೆ ಬರುವುದಿಲ್ಲ, ಗಾಳಿ ಒಂದು ಕ್ಷಣ ಪೂರ್ತಿ ನಿಂತು ಬಿಡುತ್ತದೆ. ಅವಕ್ಕೆ ಕನ್ನಡಿ ಇಟ್ಟುಕೊಳ್ಳುತ್ತೇವೆ. ಪ, ಬ, ಮ ಅನ್ನುವಾಗ ತುಟಿ ಮುಚ್ಚುತ್ತದೆ. ತ ಅನ್ನುವಾಗ ನಾಲಿಗೆ ಹಲ್ಲಿಗೆ ತಾಗುತ್ತದೆ, ಟ ಅನ್ನುವಾಗ ತುದಿ ಮೇಲಕ್ಕೆ ಮಡಚಿಕೊಳ್ಳುತ್ತದೆ. ಖ ಬಂದರೆ ಅಂಗೈಯನ್ನು ಬಾಯಿಯ ಮುಂದೆ ಹಿಡಿಯುತ್ತಾಳೆ. ಗಾಳಿ ಜೋರಾಗಿ ಬಡಿದರೆ ಖ, ಇಲ್ಲದಿದ್ದರೆ ಕ. ಈ ಆಟ ಅವಳಿಗೆ ಎಷ್ಟು ಇಷ್ಟ ಅಂದರೆ ಬೇಕಂತಲೇ ಖ ಆರಿಸುತ್ತಾಳೆ.

ಹಲಗೆಯ ಗುಂಡಿಗಳು ಕ ದಿಂದ ಳ ವರೆಗೆ ವರ್ಣಮಾಲೆಯ ಸಾಲಿನಲ್ಲೇ ಇವೆ, ಒಟ್ಟು 34. ಹಾಗೆ ಹೋದರೆ ಮಗುವಿಗೆ ಐದನೇ ಅಕ್ಷರವೇ ಙ! ಅದನ್ನಿಟ್ಟುಕೊಂಡು ಯಾವ ಪದ ಓದಿಸೋದು? ಬಿಲ್ಲೆಗಳಿಗೆ ಆ ಕಟ್ಟು ಇಲ್ಲ. ಸರ್ಕಾರಿ ಶಾಲೆಗಳ ಚಿಕ್ಕ ತರಗತಿಗಳಲ್ಲಿ ಆಟವಾಡಿಸುತ್ತಾ ಕಲಿಸುವ ನಲಿ-ಕಲಿಯಲ್ಲಿ ರ, ಗ, ಸ, ದ, ಅ ಮೊದಲು ಬರುವ ಹಾಗೆ ನಾವೂ ಶುರು ಮಾಡಿದೆವು. ಐದೇ ಅಕ್ಷರದಲ್ಲಿ ಸರ, ರಸ, ಗರಗಸ, ಅರಸ, ಅಗಸ ಎಲ್ಲಾ ಆಗುತ್ತವೆ. ಕಾಗುಣಿತದ ಹಂಗೇ ಇಲ್ಲ. ಮೊದಲ ಸಲ ತಾನೇ ‘ಸರ’ ಓದಿ, ಕತ್ತಿನಲ್ಲಿದ್ದ ಮಣಿಸರ ಎತ್ತಿ ತೋರಿಸಿದಳು. ಆ ಖುಷಿಗೆ ನಾನು ಹಾಕಿದ ದುಡ್ಡು ಬಂತು ಅಂದುಕೊಂಡೆ.

ಆದರೂ ನಮ್ಮಂಥವರ ಲೆಕ್ಕಕ್ಕೆ ಇದು ಸ್ವಲ್ಪ ದುಬಾರಿಯೇ. ದನಿ ಇಲ್ಲದೆ ಬರೀ ಬಿಲ್ಲೆಗಳ ಡಬ್ಬಿ ಸಿಕ್ಕರೆ ಕಣ್ಣು ಮುಚ್ಚಿ ಅದನ್ನೇ ತಗೊಳ್ಳಿ. ಈ ಹಲಗೆಯೇ ತರುವುದಾದರೆ ಅಂಗಡಿಯಲ್ಲೇ ಗುಂಡಿ ಒತ್ತಿ ಕೇಳಿ, ಕ ಅನ್ನುತ್ತದೋ ಕಾ ಅನ್ನುತ್ತದೋ ಅಂತ.

ಇನ್ನೊಂದು ಕೊರತೆ. ಪ್ರತಿ ಅಕ್ಷರಕ್ಕೂ ಒಂದೇ ಬಿಲ್ಲೆ ಕೊಟ್ಟಿದ್ದಾರೆ. ಗರಗಸಕ್ಕೆ ಎರಡು ಗ ಬೇಕು. ಸರಸರ, ಗರಗರ ಜೋಡಿಸೋಕೂ ಆಗುವುದಿಲ್ಲ. ಬಿಡಿ ಬಿಲ್ಲೆ ಎಲ್ಲೂ ಮಾರುವುದಿಲ್ಲ, ನಾವು ರಟ್ಟಿನಲ್ಲಿ ಕತ್ತರಿಸಿ ಬರೆದುಕೊಂಡಿದ್ದೇವೆ. ತಯಾರು ಮಾಡುವವರು ಙ, ಞ ಬಿಲ್ಲೆ ಕೊಡದಿದ್ದರೂ ಪರವಾಗಿಲ್ಲ, ಆ ಜಾಗದಲ್ಲಿ ಇನ್ನೊಂದು ರ, ಇನ್ನೊಂದು ಗ ಹಾಕಿಕೊಡಲಿ.